ವಿಭೂತಿ ಬಿದ್ದ ಕಂಪ್ಯೂಟರ್

ನನ್ನ ಮೊಮ್ಮಗಳು ಹುಟ್ಟಿ ಇಂದಿಗೆ ನಲವತ್ತೊಂದು ದಿನ. ಆರನೆಯ ಇಯತ್ತೆಗೇ ಸಾಲಿ ಬಿಟ್ಟ ನಾನು ಪೆನ್ನು ಹಿಡಿದು ಕುಳಿತಿದ್ದೇನೆಂದರೆ ಅದಕ್ಕೆ ಆಕೆಯೇ ಕಾರಣ. ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ. ಆಕೆ ಆಕಳಿಸಿದರೂ ನನಗೆ ಹಬ್ಬ. ಆದರೆ ಬರೆಯಲು ಕುಳಿತಿರುವ ವಿಷಯ ಖುಷಿಯದಲ್ಲ. ತೊಟ್ಟಿಲಿನಿಂದ ಆಕೆಯ ದನಿ ಬಂದಾಗಲೆಲ್ಲ ನನಗೆ ಒಂದು ಹಳೆಯ ಕಂಪ್ಯೂಟರ್ ನೆನಪಾಗುತ್ತದೆ. ಅದನ್ನು ಹೇಳಿ ಮುಗಿಸಿದರೆ ಈ ಸಂತೋಷವನ್ನು ನೆಮ್ಮದಿಯಿಂದ ಅನುಭವಿಸಬಹುದೇನೋ ಎಂಬ ಆಸೆ.

ಅದು ೨೦೨೧ನೆಯ ಇಸವಿ. ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ಮೊದಲು ರೇಡಿಯೋ, ಆಮೇಲೆ ಟಿ.ವಿ., ಕಡೆಗೆ ಕಂಪ್ಯೂಟರ್. ಪುಸ್ತಕ ಓದಿ ಕಲಿತದ್ದು ಕಡಿಮೆ, ಬಿಚ್ಚಿ ನೋಡಿ ಕಲಿತದ್ದೇ ಹೆಚ್ಚು. ಸಾಲಿಗಳು ಬಂದಾಗಿ ಮಕ್ಕಳು ಮನೆಯಿಂದಲೇ ಪಾಠ ಕೇಳುತ್ತಿದ್ದ ಕಾಲವಾದ್ದರಿಂದ, ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರುಗಳೆಲ್ಲ ಕೆಳಗಿಳಿದು ನನ್ನ ಅಂಗಡಿಗೆ ಬರುತ್ತಿದ್ದವು.

ಗುರಪ್ಪನವರು ತಂದದ್ದೂ ಹಳೆಯದೇ, ಹದಿಮೂರು ವರ್ಷದ್ದು. ಪಕ್ಕದ ತಗಡು ಇರಲಿಲ್ಲ. ಬೇಸಗೆಯಲ್ಲಿ ಬಿಸಿಯಾಗುತ್ತದೆಂದು ತೆಗೆದವರು ಮತ್ತೆ ಹಾಕಿರಲಿಲ್ಲ. ಗುರಪ್ಪನವರು ಕಾಳಿನ ವ್ಯಾಪಾರ ಮಾಡಿ ನಿವೃತ್ತರಾದವರು. ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ, ರೇಡಿಯೋ ಕಾಲದ ಪರಿಚಯ.

"ನಡನಡುವ ನೀಲಿ ಪರದೆ ಬಂದು ಬಂದ್ ಬೀಳತೈತ್ರಿ ದಸ್ತಗೀರಸಾಬ್ರ. ಮೊಮ್ಮಗಳು ಒಂದನೇತ್ತೆ ಅದಾಳ, ಪಾಠ ಕೇಳಬೇಕು. ಹೊಸದಾಗಿ ವಿಂಡೋಸ್ ಹಾಕಿಕೊಡ್ರಿ."

ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ. "ಒಳಗ ಫೋಟೋ, ಕಾಗದಪತ್ರ ಏನರ ಅದಾವೇನ್ರಿ? ತಗದಿಡಬೇಕಾ?"

ಅವರು ರಸ್ತೆಯ ಕಡೆ ನೋಡಿದರು. "ಏನೂ ಬ್ಯಾಡ್ರಿ. ಎಲ್ಲಾ ಅಳಿಸಿಬಿಡ್ರಿ."

ಅಳಿಸಿದೆ. ಹಾರ್ಡ್ ಡಿಸ್ಕ್ ಎಂದರೆ ಕಂಪ್ಯೂಟರಿನ ಕಣಜ. ಅದರ ಹಳೆಯ ಭಾಗಗಳನ್ನೆಲ್ಲ ತೆಗೆದು, ಒಂದೇ ಭಾಗ ಮಾಡಿ, ಪೆನ್ ಡ್ರೈವಿನಿಂದ ವಿಂಡೋಸ್ ಹಾಕಲು ಶುರು ಮಾಡಿದೆ. ಶೇಕಡಾ ಇಪ್ಪತ್ಮೂರಕ್ಕೆ ನೀಲಿ ಪರದೆ. ಎರಡನೆಯ ಸಲ ಅರವತ್ತೊಂದಕ್ಕೆ ನಿಂತಿತು. ಪೆನ್ ಡ್ರೈವ್ ಬದಲಿಸಿದೆ, ಮೂವತ್ತೇಳಕ್ಕೆ ನಿಂತಿತು. ಡಿಸ್ಕಿನ ಕೇಬಲ್ ಬದಲಿಸಿದೆ, ಕರೆಂಟು ಕೊಡುವ ಡಬ್ಬಿ ಬದಲಿಸಿದೆ. ಐದನೆಯ ಸಲ ತೊಂಬತ್ತರವರೆಗೆ ಹೋಗಿ ನನಗೆ ಆಸೆ ಹುಟ್ಟಿಸಿ ಬಿತ್ತು.

ಮಧ್ಯಾಹ್ನ ಬುತ್ತಿ ತಂದ ನನ್ನ ಹೆಂಡತಿ ಪರದೆ ನೋಡಿ, "ಇದರ ಮುಂದ ಕುಂತು ಎರಡು ದಿನಾತು. ನನ್ನ ಮಾರಿ ಯಾವಾಗರ ಇಷ್ಟೊತ್ತು ನೋಡೀರೇನು?" ಎಂದು ಕೆಣಕಿದಳು. ನಕ್ಕೆ. ಆ ವಾರದಲ್ಲಿ ನಾನು ನಕ್ಕದ್ದು ಅದೇ ಕಡೆಯದು.

ಕೆಲಸ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ತಪ್ಪು ಪೆನ್ ಡ್ರೈವಿನದು ಇಲ್ಲವೇ ಡಿಸ್ಕಿನದು. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಂತರೆ ಮೊದಲು ಮೆಮೊರಿಯನ್ನು, ಅಂದರೆ ರ‍್ಯಾಮನ್ನು ಪರೀಕ್ಷಿಸಬೇಕು. ಇದು ನನಗೆ ಗೊತ್ತಿತ್ತು. ಎರಡನೆಯ ಸಲವೇ ಮಾಡಬೇಕಿತ್ತು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಹಟ ಹಿಡಿದು ಐದು ಸಲ ಓಡಿಸಿದ್ದೆ. ಆ ಹಟದ ಬೆಲೆ ಆಗ ನನಗೆ ತಿಳಿದಿರಲಿಲ್ಲ.

ಒಂದೊಂದು ಜಿ.ಬಿ.ಯ ಎರಡು ಪಟ್ಟಿಗಳಿದ್ದವು. ಬೇರೆ ಮಶಿನ್ನಿನಲ್ಲಿ ಹಾಕಿ ನೋಡಿದರೆ ಎರಡೂ ಚೆನ್ನಾಗಿದ್ದವು. ಹಾಗಾದರೆ ತಪ್ಪು ಅವು ಕೂರುವ ಸಂದಿಯಲ್ಲೇ. ಬ್ಯಾಟರಿಯ ಬೆಳಕು ಹಿಡಿದು ಬಗ್ಗಿ ನೋಡಿದೆ. ಸಂದಿಯ ತುಂಬ ಬೂದುಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು. ಧೂಳಲ್ಲ. ಬ್ರಷ್ಷಿನಿಂದ ಕೆದರಿ ಬೆರಳಿಗೆ ಹಚ್ಚಿಕೊಂಡು ಮೂಸಿದೆ. ವಿಭೂತಿ!

ಸ್ಪಿರಿಟ್ ಹಾಕಿ ಸಂದಿ ತೊಳೆದು ಒಣಗಲು ಬಿಟ್ಟೆ. ಇಷ್ಟು ವಿಭೂತಿ ಒಳಗೆ ಹೇಗೆ ಹೋಯಿತೆಂದು ಕೇಳಿ, ಇನ್ನು ಮುಂದೆ ಹೀಗೆ ಮಾಡಬೇಡಿರೆಂದು ಹೇಳಿಬರಲು ಅವರ ಮನೆಗೆ ಹೋದೆ. ಗುರಪ್ಪನವರು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಶಾಂತಕ್ಕ ಚಹಾ ತಂದರು.

"ಅಕ್ಕಾರ, ಕಂಪ್ಯೂಟರಿನ್ಯಾಗ ವಿಭೂತಿ ಹ್ಯಾಂಗ ಹೊಕ್ಕಿತ್ರಿ?"

"ನಾನ ಹಚ್ಚತೇನ್ರಿ, ದಿನಾ ಪೂಜಿ ಆದಮ್ಯಾಲ. ಅದರ ನೆತ್ತಿಗೆ, ಜಾಲರಿ ಮ್ಯಾಲ ಮೂರು ಬಟ್ಟು." ಅವರು ನಾಚಿಕೆಯಿಂದ ನಕ್ಕರು. "ನನ್ನ ವೀಣಾ ಅದರಾಗ ಅದಾಳಲ್ರಿ."

ವೀಣಾ ಅವರ ಒಬ್ಬಳೇ ಮಗಳು. ಬಸುರಿಯಾಗಿ ತವರಿಗೆ ಬಂದಾಗ ಡಾಕ್ಟರರು ತಿರುಗಾಡಬೇಡ ಎಂದಿದ್ದರಂತೆ. ಹೊತ್ತು ಹೋಗದೆ ಆ ಕಂಪ್ಯೂಟರಿಗೆ ಮೈಕು ಹಚ್ಚಿ, ಹುಟ್ಟಲಿರುವ ಕೂಸಿಗೆ ಕಥೆಗಳನ್ನು ಹೇಳಿ ರೆಕಾರ್ಡ್ ಮಾಡಿದ್ದಳು. ಹತ್ತೊಂಬತ್ತು ಕಥೆ. ಹೆರಿಗೆಯಾದ ಮೂರನೆಯ ದಿನ ತೀರಿಕೊಂಡಳು. ಆ ಕೂಸೇ ಈಗ ಒಂದನೆಯ ಇಯತ್ತೆಯ ಗೌರಿ. ಆರು ವರ್ಷದಿಂದ ಅಜ್ಜಿ ದಿನವೂ ಆ ಕಥೆಗಳನ್ನು ಹಚ್ಚಿಕೊಂಡು ಕೂಡುತ್ತಿದ್ದರು. ಗೌರಿಗೆ ಈಗೀಗ ಕೇಳಿಸತೊಡಗಿದ್ದರು.

ಚಹಾದ ಕಪ್ಪು ಕೆಳಗಿಟ್ಟೆ. ಸುಳ್ಳು ಹೇಳಬಹುದಿತ್ತು, ಡಿಸ್ಕ್ ಸುಟ್ಟಿದೆ ಎಂದರೆ ನಂಬುತ್ತಿದ್ದರು.

"ಅಕ್ಕಾರ, ನಾನು ಅದನ್ನ ಅಳಿಸಿಬಿಟ್ಟೇನ್ರಿ."

ಶಾಂತಕ್ಕ ನನ್ನ ಕಡೆ ನೋಡಲೇ ಇಲ್ಲ. ಗಂಡನ ಕಡೆ ನೋಡಿದರು. ಗುರಪ್ಪನವರು ಪೇಪರಿನಿಂದ ಮುಖ ಎತ್ತಲಿಲ್ಲ.

ಗುರಪ್ಪನವರು ಗೇಟಿನವರೆಗೆ ನನ್ನ ಹಿಂದೆ ಬಂದರು. "ಆರು ವರ್ಷಾತ್ರಿ. ಆ ದನಿ ಹಚ್ಚಿಕೊಂಡ್ರ ಆಕಿಗೆ ಊಟ ಇಲ್ಲ, ನೀರಿಲ್ಲ. ಕಂಪ್ಯೂಟರ ಕೆಟ್ಟು ಕಥಿ ತಾವ ಹೋದುವು ಅಂದ್ರ ಬಿಟ್ಟಾಳು ಅನಕೊಂಡೆ."

"ನನಗ ಹೇಳಬೇಕಿತ್ತಲ್ರಿ."

"ಹೇಳಿದ್ರ ನೀವು ಅಳಸತಿದ್ರೇನು?"



ಅಂಗಡಿಗೆ ಬಂದು ಡಿಸ್ಕ್ ಹೊರತೆಗೆದು ಬೇರೆ ಮಶಿನ್ನಿಗೆ ಜೋಡಿಸಿದೆ. ಡಿಸ್ಕಿನಲ್ಲಿ ಅಳಿಸುವುದೆಂದರೆ ಮೊದಲಿಗೆ ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಹಾಗೇ ಇರುತ್ತವೆ. ಅವುಗಳ ಮೇಲೆ ಹೊಸದು ಬರೆದಾಗಲೇ ಅವು ಹೋಗುವುದು. ಒಂದೇ ಸಲ ಓಡಿಸಿ ನಿಲ್ಲಿಸಿದ್ದರೆ ಬಹುಪಾಲು ಸಿಗುತ್ತಿತ್ತು. ನಾನು ಐದು ಸಲ ಬರೆದಿದ್ದೆ. ಒಂದೊಂದು ಸಲವೂ ಆ ಹುಡುಗಿಯ ಮೇಲೆ ಒಂದೊಂದು ಬುಟ್ಟಿ ಮಣ್ಣು ಹಾಕಿದ್ದೆ.

ಹುಡುಕುವ ಸಾಫ್ಟ್‌ವೇರ್ ಒಂಬತ್ತು ತಾಸು ಓಡಿತು. ಹತ್ತೊಂಬತ್ತರಲ್ಲಿ ಹದಿನೆಂಟು ತೆರೆಯಲೇ ಇಲ್ಲ. ಒಂದು ತೆರೆಯಿತು, ನಲವತ್ತೊಂದು ಸೆಕೆಂಡಷ್ಟೇ.

ಮರುದಿನ ಮುಂಜಾನೆ ಕಂಪ್ಯೂಟರನ್ನು ಅವರ ಮನೆಗೆ ಒಯ್ದೆ. ತೊಳೆದ ಸಂದಿ ಒಣಗಿತ್ತು, ರಾತ್ರಿ ಮತ್ತೆ ಹಾಕಿದ ವಿಂಡೋಸ್ ಈಗ ತಕರಾರಿಲ್ಲದೆ ಓಡುತ್ತಿತ್ತು. ಶಾಂತಕ್ಕ ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಗುರಪ್ಪನವರು ತಮ್ಮ ಕುರ್ಚಿಯಲ್ಲೇ ಇದ್ದರು. ನಾನು ಉಳಿದ ಆ ಒಂದು ಕಥೆ ಹಚ್ಚಿದೆ.

"ಅವ್ವಾ, ಆ ಕುಕ್ಕರ್ ಒಂದು ಬಂದ್ ಮಾಡ, ರೆಕಾರ್ಡ್ ಆಗಾಕತ್ತೈತಿ..." ಒಂದು ಸಣ್ಣ ನಗು. "ಹಾಂ, ಕೇಳ ಪುಟ್ಟಾ. ಒಂದೂರಾಗ ಒಂದು ಗುಬ್ಬಿ ಇತ್ತಂತ. ಅದಕ ಮನಿ ಇರಲಿಲ್ಲಂತ. ಅದು ಎಲ್ಲಾರನೂ ಕೇಳಕೋತ, ಕೇಳಕೋತ..."

ಅಲ್ಲಿಗೆ ನಿಂತಿತು.

"ಮುಂದ ಗುಬ್ಬಿ ಏನ್ಮಾಡ್ತು?" ಎಂದಳು ಗೌರಿ.

ಶಾಂತಕ್ಕ ಪರದೆಯನ್ನೇ ನೋಡುತ್ತಿದ್ದರು. ನಾನು ಕೀಬೋರ್ಡ್ ನೋಡುತ್ತ ಕುಳಿತೆ. ಆಗ ಕುರ್ಚಿಯಿಂದ ಗುರಪ್ಪನವರ ದನಿ ಬಂತು.

"ಕೇಳಕೋತ ಕೇಳಕೋತ ಗೌಡರ ಬಣವಿಗೆ ಬಂತಂತ. ಬಣವಿ ಅಂತು, ನನ್ನ ಮ್ಯಾಲ ಇರವಾ ತಂಗೀ..."

ಅವರೂ ಆರು ವರ್ಷ ಆ ಪೇಪರಿನ ಹಿಂದೆ ಕುಳಿತು ಕೇಳಿದ್ದರು.

"ತಂಗಿ ಅಲ್ಲ," ಎಂದರು ಶಾಂತಕ್ಕ, ಅವರ ಕಡೆ ನೋಡದೆ. "ಅವ್ವಿ ಅಂತಿದ್ಲು."

"ಹೌದು. ಅವ್ವಿ."

ನಾನು ತಂದಿದ್ದ ತಗಡನ್ನು ಪಕ್ಕಕ್ಕೆ ಹಾಕಿ ನಾಲ್ಕೂ ಸ್ಕ್ರೂ ಬಿಗಿದೆ, ಮೇಲಿನ ಜಾಲರಿಗೆ ಬಟ್ಟೆ ಅಂಟಿಸಿದೆ. ವಿಭೂತಿ ಹಚ್ಚಬೇಡಿ ಎಂದು ಮಾತ್ರ ಹೇಳಲಿಲ್ಲ.

ಈಗ ಅಂಗಡಿ ಮಗನದು. ಅವನಿಗೆ ನಾನು ಕೊಟ್ಟ ಬುದ್ಧಿ ಇಷ್ಟೇ. ಮಶಿನ್ ಹೊತ್ತು ತಂದವನೊಬ್ಬನನ್ನೇ ಕೇಳಿ ಅಳಿಸಬೇಡ, ಮನೆಗೆ ಫೋನ್ ಹಚ್ಚಿ ಉಳಿದವರನ್ನೂ ಕೇಳು. ಮತ್ತು ಕೆಲಸ ಎರಡು ಸಲ ಬಿದ್ದರೆ ಕೈ ತೆಗೆದು ಕಾರಣ ಹುಡುಕು. ಮೂರನೆಯ ಸಲ ಓಡಿಸುವುದು ದುಡಿಮೆಯಲ್ಲ, ಸೊಕ್ಕು. ಗಿರಾಕಿಗಳು ಇದರಿಂದ ಬೇಸರಪಡುತ್ತಾರೆ, ಪಡಲಿ.

ನಿನ್ನೆ ಮೊಮ್ಮಗಳು ಮೊದಲ ಸಲ ನನ್ನ ಮುಖ ನೋಡಿ "ಊಂ" ಎಂದಳು. ಫೋನಿನಲ್ಲಿ ಹಿಡಿದುಕೊಂಡು ಮೂರು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟೆ. "ಬಂಗಾರ ಇಟ್ಟಂಗ ಇಡಾಕತ್ತೀರಲ್ರಿ" ಎಂದು ಹೆಂಡತಿ ನಕ್ಕಳು. ನಾನೂ ನಕ್ಕೆ. ಆಮೇಲೆ ಸೊಸೆಯನ್ನು ಕರೆದು, ಕೂಸಿನ ದನಿ ಸಾಕು, ನೀನೂ ಒಂದು ಕಥೆ ಹೇಳವಾ, ಹಿಡಿದಿಡುತ್ತೇನೆ ಎಂದೆ.