ಓರೆನೋಟಕ್ಕೆ ಸಿಕ್ಕ ಬೆಳಕು

ನೆಟ್ಟಗೆ ನೋಡಿದರೆ ಕೈಗೆ ಸಿಕ್ಕದ ಸರಕುಗಳಿವೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೊಂಡು ಮಾರಿ ತಲೆಯೆತ್ತಿದವನು ನಾನು. ಈ ಮಾತನ್ನು ಮಾತ್ರ ತಂಗಿಯಿಂದ ಕಲಿತೆ.

ಅವಳು ಮನೆಯಲ್ಲೇ ನೂಲು ಬಿಚ್ಚುತ್ತಿದ್ದಳು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಏಳುವ ಎಳೆಯನ್ನು ದಿಟ್ಟಿಸಿದಿರೋ, ಹಬೆಯಲ್ಲಿ ಕರಗಿಹೋಗುತ್ತೆ. ಮುಖ ಕೊಂಚ ವಾಲಿಸಿ ಪಕ್ಕದಿಂದ ನೋಡಬೇಕು. ಅದೇ ರೂಢಿಯಾಗಿ ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು. ಬೀದಿಯಲ್ಲಿ ಸುದ್ದಿ ಹುಟ್ಟಿತು: ಹುಡುಗಿಗೆ ಇರುಳುಗಣ್ಣಂತೆ, ಕತ್ತಲಾದರೆ ಏನೂ ಕಾಣೋದಿಲ್ಲವಂತೆ. ಬಂದ ಸಂಬಂಧಗಳು ಬಾಗಿಲಿಂದಲೇ ತಿರುಗಿದವು.

ಚಿಂತಾಮಣಿಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಹುಡುಗನೊಬ್ಬನ ಕಡೆಯಿಂದ ಕೇಳಿಕೊಂಡು ಬಂದಾಗ, ಅವನ ಸೋದರಮಾವ ಮುಚ್ಚುಮರೆಯಿಲ್ಲದೆ ಹೇಳಿಕಳಿಸಿದರು: "ಬೆಳದಿಂಗಳು ಬೇಡ. ಕತ್ತಲಾದ ಮೇಲೇ ಹುಡುಗೀನ ನೋಡ್ತೀವಿ."

ನಾನು ತಂಗಿಗೆ ಪಾಠ ಮಾಡಿದೆ. "ಏನು ತೋರಿಸಿದ್ರೂ ಕತ್ತು ನೆಟ್ಟಗಿಟ್ಟು ನೋಡಮ್ಮ. ಒಳ್ಳೇ ಸರಕನ್ನೂ ಇಡೋ ರೀತೀಲಿ ಇಡಬೇಕು."

"ನಾನೇನು ಗೂಡೇನಣ್ಣ?" ಅಂದಳು.

ಕಾರ್ತಿಕದ ಕೃಷ್ಣಪಕ್ಷದಲ್ಲಿ ಹುಡುಗ, ಮಾವ ಇಬ್ಬರೂ ಬಂದರು. ಉಪ್ಪಿಟ್ಟು, ಕಾಫಿ ಆದಮೇಲೆ ಮಾಳಿಗೆ ಹತ್ತಿದೆವು. ನಮ್ಮ ಬೀದಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಹಿಪ್ಪುನೇರಳೆ ತೋಟಗಳ ಕಡೆಯಿಂದ ತಣ್ಣನೆ ಗಾಳಿ. ಆಕಾಶ ಎಷ್ಟು ತುಂಬಿತ್ತೆಂದರೆ, ನಾವೇ ಅದರೊಳಗೆ ಮೆಲ್ಲಗೆ ತೇಲುತ್ತಿದ್ದ ಹಾಗಿತ್ತು. ಹುಡುಗನಿಗೆ ನಕ್ಷತ್ರಗಳ ಹುಚ್ಚು. ಬಗಲಲ್ಲೊಂದು ಹಳೇ ದುರ್ಬೀನು ತಂದಿದ್ದ.

"ಅಲ್ಲೊಂದು ಗ್ಯಾಲಕ್ಸಿ ಇದೆ," ಅಂದ. "ತುಂಬಾ ದೂರ. ಲೆಕ್ಕವಿಲ್ಲದಷ್ಟು ನಕ್ಷತ್ರಗಳು ಸುರುಳಿ ಸುತ್ತಿಕೊಂಡಿವೆ. ಆದರೆ ಬೆಳಕೆಲ್ಲ ಅಗಲಕ್ಕೆ ಹರಡಿ ತೆಳ್ಳಗಾಗಿದೆ, ದೊಡ್ಡ ಮೊರದ ಮೇಲೆ ಚಿಟಿಕೆ ಹಿಟ್ಟು ಚೆಲ್ಲಿದ ಹಾಗೆ."

"ಸರೇ, ಹುಡುಗಿಗೆ ಅದನ್ನೇ ತೋರಿಸು," ಅಂದರು ಮಾವ.

"ಮಾವ, ಒಳ್ಳೇ ಕಣ್ಣಿರೋರಿಗೇ ಅದು ಕಾಣಲ್ಲ."

"ಹಂಗಾದ್ರೆ ಅದೇ ಆಗಲಿ!"

ಹುಡುಗ ದಿಕ್ಕು ತೋರಿಸಿ ದುರ್ಬೀನು ಕೊಟ್ಟ. ತಂಗಿ ನಾನು ಹೇಳಿದಂತೆ ಕತ್ತು ನೆಟ್ಟಗಿಟ್ಟು, ಕಣ್ಣು ನೆಟ್ಟು ನೋಡಿದಳು. ನೋಡುತ್ತಲೇ ಇದ್ದಳು.

"ಏಮ್ಮಾ, ಕಾಣ್ತಾ?" ಮಾವ ಕೇಳಿದರು.

"ಇಲ್ಲ."

ಮಾವ ಗಂಟಲು ಸರಿಮಾಡಿಕೊಂಡರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಇನ್ನೇನು, ಈ ವ್ಯಾಪಾರ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ತಂಗಿ, ನನ್ನ ಪಾಠ ಸಾಕಾಯಿತೋ ಏನೋ, ಕಣ್ಣನ್ನು ಪಕ್ಕಕ್ಕೆ ಜಾರಿಸಿದಳು. ಎಳೆ ಹುಡುಕುವಾಗಿನ ಅದೇ ನೋಟ. ಉಸಿರು ಹಿಡಿದಳು.

"ಇದೆ. ಕೋಳಿಮೊಟ್ಟೆ ಥರ ಉದ್ದಕ್ಕೆ. ವಾಲಿಕೊಂಡಿದೆ. ನೋಡಕ್ಕೆ ಹೋದ್ರೆ ಹೋಗ್ಬಿಡುತ್ತೆ, ಸುಮ್ಮನಿದ್ರೆ ಬರುತ್ತೆ."

ಹುಡುಗ ನಕ್ಕುಬಿಟ್ಟ. "ಮಾವ, ಮೊಟ್ಟೆ ಥರ ಅಂತ ನಾನು ಹೇಳೇ ಇರ್ಲಿಲ್ಲ! ಅದನ್ನ ನೋಡೋ ಕ್ರಮಾನೇ ಅದು, ಓರೆಯಾಗಿ. ನನಗೆ ರೂಢಿಯಾಗೋಕೆ ಎಷ್ಟೋ ರಾತ್ರಿ ಹಿಡೀತು."

ಹೆಣ್ಣು ತೋರಿಸುವವರಿಗೆ ನನ್ನದೊಂದು ಕಿವಿಮಾತು: ಅವಳ ಕತ್ತನ್ನು ಅವಳಿಗೇ ಬಿಡಿ.

ಆಮೇಲೆ ಮಾವನೇ ದುರ್ಬೀನು ಕಸಿದುಕೊಂಡರು. ಅಮ್ಮ ಎಲೆ ಅಡಿಕೆ ತಟ್ಟೆ ತಂದಳು. ಅವರು ಅದನ್ನು ತಗೊಂಡರೆ ಒಪ್ಪಿಗೆ.

"ತಾಂಬೂಲ ತಗೊಳ್ಳಿ," ಅಂದೆ.

"ಇರಪ್ಪಾ, ಇನ್ನೂ ಕಂಡಿಲ್ಲ." ಆಕಾಶದಿಂದ ಕಣ್ಣು ತೆಗೆಯದೆ ಒಂದು ಕೈ ಚಾಚಿ ಕತ್ತಲಲ್ಲಿ ತಡಕಾಡಿದರು. "ಎಲ್ಲಿ ತಟ್ಟೆ?"

ತಂಗಿ ಅಮ್ಮನಿಂದ ತಟ್ಟೆ ತಗೊಂಡು, ಅವರ ಬೆರಳ ಕೆಳಗೇ ಸರಿಯಾಗಿ ಹಿಡಿದಳು.