ಮಾನಪ್ಪ ಮಿಸ್ತ್ರಿ ಜೀಪಿನ ಅಡಿಯಿಂದ ಎದ್ದು ಬಂದಾಗ

ಮೂರು ವರ್ಷಗಳ ಹಿಂದಿನ ಶ್ರಾವಣ. ಕಲಘಟಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಆಗಷ್ಟೇ ಒಂದು ಹಳೆಯ ಜೀಪು ಕೊಂಡಿದ್ದೆ. ನಮ್ಮ ಹೊಲ ಇರುವುದು ತಂಬೂರಿನ ಕಡೆ. ಮಳೆಗಾಲದಲ್ಲಿ ಆ ಕೆಸರಿಗೆ ಸ್ಕೂಟರ್ ಇಳಿಯುವುದಿಲ್ಲ. ಜೀಪೇ ಬೇಕು ಎಂದು ನಮ್ಮನೆಯವರಿಗಿಂತ ಹೆಚ್ಚು ಹಟ ಹಿಡಿದವಳು ನಾನೇ.

ತಂದ ವಾರದಲ್ಲೇ ಅದರ ಚಾಳಿ ತಿಳಿಯಿತು. ಸ್ಟೀರಿಂಗ್ ನೆಟ್ಟಗೆ ಹಿಡಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿತ್ತು. ಬಾಗಿಲುಗಳು ಮಾತ್ರ ಟಕ್ಕೆಂದು ಚೆನ್ನಾಗಿ ಕೂಡುತ್ತಿದ್ದವು. ಎರಡು ಸಲ ಹುಬ್ಬಳ್ಳಿಗೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಅದೇ ಕಥೆ.

“ಹಳೇ ಗಾಡಿ ಅಂದ್ರ ಹಿಂಗಽ. ರೂಢಿ ಮಾಡ್ಕೋ,” ಎಂದರು ನಮ್ಮನೆಯವರು. ಮಾಡಿಕೊಂಡೆ. ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದೇ ಓಡಿಸುವುದು ಕೈಗೆ ಬಂದುಬಿಟ್ಟಿತು.

ಆ ಶನಿವಾರ ನಮ್ಮ ಶಾಲೆಯ ಖೋಖೋ ತಂಡಕ್ಕೆ ನವಲಗುಂದದಲ್ಲಿ ಪಂದ್ಯ ಇತ್ತು. ಉಳಿದವರು ಬಸ್ಸಿನಲ್ಲಿ ಬರಲಿ, ಏಳು ಹುಡುಗಿಯರನ್ನು ಜೀಪಿನಲ್ಲಿ ನಾನೇ ಕರೆದೊಯ್ಯುವೆ ಎಂದಿದ್ದೆ. ದೂರದ ದಾರಿ, ಒಮ್ಮೆ ತೋರಿಸಿಬಿಡೋಣ ಎಂದು ಗುರುವಾರ ಶಾಲೆ ಬಿಟ್ಟ ಮೇಲೆ ಕಲಘಟಗಿಯ ಮಾನಪ್ಪ ಮಿಸ್ತ್ರಿಯ ಶೆಡ್ಡಿಗೆ ಹೋದೆ. ಅರವತ್ತು ದಾಟಿದ, ಕಮ್ಮಾರಿಕೆಯ ಮನೆತನದ ಮನುಷ್ಯ. ಚಾಸಿ, ಅಂದರೆ ಗಾಡಿಯ ಅಡಿಚೌಕಟ್ಟಿನ ಕೆಲಸಕ್ಕೆ ಸುತ್ತಲಿನವರು ಅವರನ್ನೇ ಹುಡುಕಿಕೊಂಡು ಹೋಗುತ್ತಾರೆ.

ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಬಾನೆಟ್ ತೆಗೆಯಲೇ ಇಲ್ಲ. ಅಂಗಳಕ್ಕೆ ನಾಲ್ಕು ಕೊಡ ನೀರು ಹೊಡೆದು, “ಅಕ್ಕಾರ, ಇದರ ಮ್ಯಾಲೆ ಅಗದಿ ಸೀದಾ ನಡಸ್ಕೊಂಡು ಬರ್ರಿ,” ಎಂದರು. ಬಂದೆ. ಹಸಿ ಮಣ್ಣಿನಲ್ಲಿ ಮೂಡಿದ ಗುರುತು ತೋರಿಸಿದರು.

“ಹಿಂದಿನ ಗಾಲಿ ಗುರುತು ಮುಂದಿನದರ ಮ್ಯಾಲಽ ಬೀಳಬೇಕು. ಇಲ್ಲಿ ಬಾಜೂಕ ಬಿದ್ದೈತಿ ನೋಡ್ರಿ. ಗಾಡಿ ಸೀದಾ ನೋಡ್ತೈತಿ, ಓರೆ ನಡೀತೈತಿ.”

ಆಮೇಲೆ ಗೌಂಡಿಗಳು ಗೋಡೆಗೆ ಹಿಡಿಯುವ ಗುಂಡಿನ ದಾರ ತಂದರು. ಚಾಸಿಯ ನಾಲ್ಕು ಮೂಲೆಗಳಿಂದ ಅದನ್ನು ಇಳಿಬಿಟ್ಟು, ಗುಂಡು ನಿಂತಲ್ಲೆಲ್ಲ ನೆಲಕ್ಕೆ ಸುಣ್ಣದ ಚುಕ್ಕೆ ಇಟ್ಟರು. ಜೀಪನ್ನು ಹಿಂದಕ್ಕೆ ದೂಡಿ, ಮೂಲೆಯಿಂದ ಮೂಲೆಗೆ ದಾರ ಎಳೆದರು. ಒಂದು ಕರ್ಣಕ್ಕಿಂತ ಇನ್ನೊಂದು ಎರಡು ಬೆರಳು ಉದ್ದ ಬಂತು. ಚೌಕಟ್ಟೇ ಸೊಟ್ಟಗಾಗಿತ್ತು.

ತಂತಿ ಬ್ರಷ್ ಹಿಡಿದು ಅಡಿಗೆ ನುಸುಳಿದರು. ಕೆರೆಯುವ ಸದ್ದು ಕೇಳುತ್ತಿತ್ತು. ಒಮ್ಮೆಲೇ ನಿಂತಿತು. ಬಹಳ ಹೊತ್ತು ಅವರು ಹೊರಗೆ ಬರಲಿಲ್ಲ. ಬಂದವರು ಅಲ್ಲೇ ನೆಲದ ಮೇಲೆ ಕುಳಿತರು.

“ಒಳಗೊಂದು ಕಬ್ಬಿಣದ ಪಟ್ಟಿ ಬೆಸದಾರ. ಅದರ ಬಾಜೂಕ ಚಾಸಿ ಸೀಳೈತಿ, ಉಗುರು ಹೋಗುವಷ್ಟು. ಆ ಪಟ್ಟಿ ಹಾಕಿದಾಂವ ನಾನಽ ರಿ.”

“ಏನಂದ್ರಿ?”

“ಪಟ್ಟಿ ತುದಿ ಮೀನಿನ ಬಾಲದಂಗ ಕತ್ತರಸೂದು ನಮ್ಮಪ್ಪ ಕಲಿಸಿದ್ದು. ಈ ಕಡೆ ಬ್ಯಾರೆ ಯಾರೂ ಹಂಗ ಮಾಡೂದಿಲ್ಲ.”

ಎಷ್ಟೋ ವರ್ಷಗಳ ಹಿಂದೆ, ಒಬ್ಬ ಗುತ್ತಿಗೆದಾರನ ಬಳಿ ಇದ್ದಾಗ, ಇದೇ ಜೀಪು ಹಳ್ಳಕ್ಕೆ ಉರುಳಿತ್ತಂತೆ. ಎರಡೇ ದಿನದಲ್ಲಿ ಬೇಕೆಂದು ಅವನ ಗಡಿಬಿಡಿ. ಬಾಡಿ ಇಳಿಸದೆ ಚಾಸಿ ನೆಟ್ಟಗಾಗುವುದಿಲ್ಲ ಎಂದು ಗೊತ್ತಿದ್ದೂ ಇವರು ಒಪ್ಪಿಕೊಂಡಿದ್ದರು.

“ಬಾಡಿ ಕೆಳಗ ವಾಷರ್ ಮ್ಯಾಲೆ ವಾಷರ್ ಕೊಟ್ಟು ಬಾಗಲಾ ಕೂಡೂ ಹಂಗ ಮಾಡಿದೆ. ಮ್ಯಾಲೆ ನೆಟ್ಟಗ ಕಂಡ್ರ ಯಾರೂ ಬಗ್ಗಿ ನೋಡೂದಿಲ್ರಿ.”

“ಏಳು ಹುಡುಗ್ಯಾರನ್ನ ಕೂಡಿಸ್ಕೊಂಡು ನಾಡಿದ್ದು ಹೊಂಟಿದ್ದೆ ನಾನು! ಗೊತ್ತಿದ್ದೂ ಹಿಂಗ ಮಾಡಿದ್ರೇನು?” ಎಂದು ಕೂಗಿಯೇ ಬಿಟ್ಟೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

“ಗೊತ್ತಿದ್ದಽ ಮಾಡಿದ್ದರಿ. ಬೈರಿ. ಆದ್ರ ಗಾಡಿ ಮಾತ್ರ ಇಲ್ಲಿಂದ ಒಯ್ಯಬ್ಯಾಡ್ರಿ,” ಎಂದು ಕೀಲಿಗಾಗಿ ಕೈ ಚಾಚಿದರು.

ಕೀಲಿ ಕೊಟ್ಟು ಬಸ್ ಹತ್ತಿದೆ. ಶನಿವಾರ ಎಲ್ಲರೂ ಬಸ್ಸಿನಲ್ಲೇ ನವಲಗುಂದಕ್ಕೆ ಹೋದೆವು. ಹುಡುಗಿಯರು ಮೊದಲ ಪಂದ್ಯದಲ್ಲೇ ಸೋತು, ಮಿರ್ಚಿ ತಿಂದು, ದಾರಿಯುದ್ದಕ್ಕೂ ಹಾಡುತ್ತ ಬಂದರು. ನಾನು ಹಿಂದಿನ ಸೀಟಿನಲ್ಲಿ ಕುಳಿತು ಅವರ ತಲೆಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ.

ಮಾನಪ್ಪ ಮಿಸ್ತ್ರಿ ಬಾಡಿ ಪೂರ್ತಿ ಇಳಿಸಿದರು. ಸರಪಳಿ, ಜಾಕು ಹಾಕಿ ಚಾಸಿಯನ್ನು ದಿನಕ್ಕಿಷ್ಟು ಎಳೆದರು. ಸೀಳಿದ ಭಾಗ ಕತ್ತರಿಸಿ ಹೊಸದು ಕೂಡಿಸಿದರು. ಹದಿನೈದು ದಿನ ಬಿಟ್ಟು ಹೋದಾಗ ದಾರದ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟು, “ನೀವಽ ಅಳೀರಿ,” ಎಂದರು. ಎರಡೂ ಕರ್ಣಗಳು ಸರಿಸಮ ಇದ್ದವು.

ಅವರು ಸುಮ್ಮನೆ ಆ ಸೀಳಿಗೆ ಬೆಸುಗೆ ಹಾಕಿ ಕಳಿಸಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಈ ಮಾತು ನನ್ನನ್ನು ಬಿಡದೆ ಕಾಡತೊಡಗಿತು. ಯಾಕೆಂದರೆ ನನ್ನ ಒಂಬತ್ತನೇ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಬೋರ್ಡಿನ ಮೇಲಿನದನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಬಾಯಿಪಾಠ ಇದ್ದ ಪದ್ಯವನ್ನೇ ಕೇಳಿ ಅಂಕ ಕೊಟ್ಟು ಮುಂದೆ ದೂಡಿದ್ದೆ.

ಮಿಸ್ತ್ರಿ ತಮ್ಮ ತಪ್ಪನ್ನು ಅರ್ಧ ಗಂಟೆಯಲ್ಲಿ ಹೇಳಿದ್ದರು. ನನಗೆ ಮೂರು ವಾರ ಬೇಕಾಯಿತು. ಒಂದು ಮಧ್ಯಾಹ್ನ ಉಳಿದವರನ್ನು ಮೈದಾನಕ್ಕೆ ಕಳಿಸಿ ಅವಳನ್ನು ಬಳಿ ಕೂಡಿಸಿಕೊಂಡೆ.

“ರೇಣುಕಾ, ನಿನಗ ಓದಾಕ ಬರೂದಿಲ್ಲ ಅಂತ ನನಗ ಹೋದ ವರ್ಷದಿಂದ ಗೊತ್ತೈತಿ. ಸುಮ್ಮನಿದ್ದದ್ದು ನನ್ನ ತಪ್ಪು.”

“ಈಗ ಕಲಿಸ್ತೀರೇನ್ರಿ ಅಕ್ಕಾರ?” ಎಂದಳು.

ಅಂದೇ ಎರಡನೇ ತರಗತಿಯ ಪುಸ್ತಕ ತೆರೆದೆವು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇರಬೇಕಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.