ಗುಲ್ಫಶಾಳ ಅಮಾನತ್ತಿನ ಕೆಲಸ

ಗುಲ್ಫಶಾಳಿಗೆ ಹೊಸ ಕೆಲಸ ಸಿಕ್ಕ ಸುದ್ದಿ ಓಣಿಗೆ ತಿಳಿದದ್ದು ಅತ್ತೆ ಮುನವ್ವರ್ ಬೀಯ ಬಾಯಿಂದ; ತಪ್ಪಾಗಿ ತಿಳಿದದ್ದು ಪಕ್ಕದ ಮನೆಯ ಚನ್ನಮಲ್ಲಮ್ಮನ ಕಿವಿಯಿಂದ.

ಅದಕ್ಕೂ ಮುಂಚೆ ಏಳು ವರ್ಷ ಗುಲ್ಫಶಾ ರಾಯಚೂರಿನಲ್ಲಿ ಹತ್ತಿ ಬೆಳೆಯ ಒಂದು ಸಂಶೋಧನಾ ಯೋಜನೆಯಲ್ಲಿದ್ದಳು. ಮಟಮಾರಿಯಿಂದ ದೇವದುರ್ಗದವರೆಗೆ ಹೊಲಗಳಲ್ಲಿ ಬಲೆ ಕಟ್ಟುವುದು, ವಾರಕ್ಕೊಮ್ಮೆ ಹೋಗಿ ಅದಕ್ಕೆ ಬಿದ್ದ ಗುಲಾಬಿ ಕಾಯಿಕೊರಕದ ಪತಂಗಗಳನ್ನು ಎಣಿಸಿ ಬರೆಯುವುದು. ಒಂದು ದಿನ ಯೋಜನೆ ಮುಗಿಯಿತು. ಹುಳ ಮುಗಿದಿರಲಿಲ್ಲ.

ಆಮೇಲೆ ಸಿಕ್ಕದ್ದು ಸ್ಟೇಷನ್ ರಸ್ತೆಯ ಮೇಲಿನ ಸಣ್ಣ ಆಫೀಸು. ಕಾರ್ಖಾನೆ, ಗಿರಣಿಗಳಲ್ಲಿ ಕೆಲಸಗಾರರ ಪಿಂಚಣಿ ನಿಧಿ ನೋಡಿಕೊಳ್ಳುವ ಟ್ರಸ್ಟಿಗಳಿಗೆ ಅಲ್ಲಿಂದ ಸಲಹೆ ಹೋಗುತ್ತಿತ್ತು. ಆಫೀಸು ನಡೆಸುವ ಅನ್ನಪೂರ್ಣ ಮೇಡಂ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

“ಹುಳ ಎಣಿಸಿದೋರಿಗೆ ಪಿಂಚಣಿ ಕೆಲಸ ಏನ್ ತಿಳೀತದವ್ವ?”

“ಹುಳ ಬೀಳದ ವಾರ ಸೊನ್ನಿ ಅಂತಾನ ಬರದೀನ್ರಿ.”

“ಸೋಮವಾರದಿಂದ ಬಾ. ಮೂರು ತಿಂಗಳು ನೋಡ್ತೀವಿ, ಆಮ್ಯಾಲ ಕಾಯಂ.”

ಮನೆಗೆ ಬಂದು ಅತ್ತೆಗೆ ದಖ್ಖನಿಯಲ್ಲಿ ತಿಳಿಸಿ ಹೇಳಿದಳು. ಬೇರೆಯವರ ವಸ್ತು ಇನ್ನೊಬ್ಬರ ಕೈಯಲ್ಲಿರುತ್ತದೆ, ಆ ಕೈ ಅದನ್ನು ನೆಟ್ಟಗೆ ಕಾಯುತ್ತದೋ ಇಲ್ಲವೋ ನೋಡುವುದು. “ಅಮಾನತ್ ಕಾ ಕಾಮ್, ಅಮ್ಮೀ.” ಮುನವ್ವರ್ ಬೀಗೆ ಹೆಮ್ಮೆಯಾಯಿತು. ಕಂಪೌಂಡಿನ ಮೇಲಿಂದ ಚನ್ನಮಲ್ಲಮ್ಮನಿಗೆ ತನ್ನ ಕನ್ನಡದಲ್ಲಿ ಹೇಳಿದಳು: “ನಮ್ದು ಸೊಸಿದು ಈಗ ಅಮಾನತ್.”

ಚನ್ನಮಲ್ಲಮ್ಮನ ಗಂಡ ಸರ್ಕಾರಿ ನೌಕರ. ಒಮ್ಮೆ ಅಮಾನತ್ತಿನಲ್ಲಿ ಆರು ತಿಂಗಳು ಮನೆಯಲ್ಲಿ ಕೂತವನು. ಆಕೆಗೆ ಆ ಪದಕ್ಕೆ ಬೇರೆ ಅರ್ಥವಿರಲಿಲ್ಲ. ಸಂಜೆ ಒಂದು ಬಟ್ಟಲು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ತೆಗೆದುಕೊಂಡು ಬಂದಳು.

“ಎಷ್ಟು ತಿಂಗಳಂತವ್ವ?”

ಗುಲ್ಫಶಾ ಅಂದಳು: “ಮೂರು ತಿಂಗಳು ನೋಡ್ತಾರ್ರಿ. ಆಮ್ಯಾಲ ಕಾಯಂ.”

“ಕಾಯಂ?” ಚನ್ನಮಲ್ಲಮ್ಮ ಮೆಲ್ಲಗೆ ಕೂತಳು. “ನಮ್ಮ ಮನಿಯವರನ್ನ ಆರು ತಿಂಗಳಿಗೆ ಬಿಟ್ರು. ಅರ್ಧ ಪಗಾರನಾದ್ರೂ ಕೊಡ್ತಾರಿಲ್ಲೋ?”

“ಪೂರಾ ಕೊಡ್ತಾರ್ರಿ.”

“ಪುಣ್ಯಾತ್ಮರು.”

ಗುಲ್ಫಶಾಳಿಗೆ ವಿಷಯ ಹೊಳೆಯುವ ಹೊತ್ತಿಗೆ ಮೂರು ವರ್ಷದ ಮಗಳು ತಮನ್ನಾ ಹಿಂಡಿಯನ್ನು ನೆಲಕ್ಕೆ ಸುರುವಿದ್ದಳು. ಅದನ್ನು ಬಳಿದು ಎದ್ದಾಗ ಚನ್ನಮಲ್ಲಮ್ಮ ಹೋಗಿಯಾಗಿತ್ತು.

ಮೂರನೆಯ ತಿಂಗಳು ಮಾನ್ವಿಯ ಒಂದು ಅಕ್ಕಿ ಗಿರಣಿಯ ಕೆಲಸ ಬಂತು. ಗುಲ್ಫಶಾಳ ಹೆಸರಿನಲ್ಲೇ ಹೋಗುವ ಮೊದಲ ವರದಿ. ಕಾಯಂ ಆಗುವುದು ಬಿಡುವುದು ಅದರ ಮೇಲಿತ್ತು. ಟ್ರಸ್ಟಿಗಳು ನಾಲ್ಕು ಮಂದಿ: ಗಿರಣಿಯ ಸಾವ್ಕಾರ, ಅವರ ತಮ್ಮ, ಬಾಯ್ಲರ್ ನೋಡುವ ಮಾರೆಪ್ಪ, ಮತ್ತು ಮೂವತ್ತು ವರ್ಷ ಅಲ್ಲಿ ತೌಡು ಬಳಿದು ಈಗ ಪಿಂಚಣಿ ಉಣ್ಣುವ ಅರಕೇರಾದ ಗದ್ದೆಮ್ಮ. ಸಾವ್ಕಾರರಿಗೆ ಭತ್ತ ಒಣಗಿಸುವ ಹೊಸ ಯಂತ್ರ ಬೇಕಿತ್ತು. ಪಿಂಚಣಿ ನಿಧಿಯಿಂದ ಸಾಲ ತೆಗೆಯೋಣ ಎಂದಿದ್ದರು. ಟ್ರಸ್ಟಿನ ಪತ್ರದ ಪ್ರಕಾರ ಯಾವ ತೀರ್ಮಾನಕ್ಕೂ ನಾಲ್ಕೂ ಮಂದಿಯ ರುಜು ಬೇಕು. ಗುಲ್ಫಶಾ ಆ ಪತ್ರವನ್ನು ಎರಡು ಸಲ ಓದಿ, “ಕೊಡಬಾರದು” ಎಂದು ಬರೆದು ಕಳಿಸಿದಳು.

ಸಭೆಯ ದಿನ ಬೆಳಿಗ್ಗೆ ಸಾವ್ಕಾರರ ಫೋನು ಬಂತು. ಆಕೆ ತಮನ್ನಾಗೆ ಜುಟ್ಟು ಹಾಕುತ್ತಿದ್ದಳು.

“ಮೇಡಂ, ಕೊಡಬಾರದು ಅಂತ ಬರದೀರಿ. ಕೊಡಬಹುದು ಅಂತ ಮಾಡ್ರಿ. ಎರಡಕ್ಷರದ ಮಾತು. ನಿಮ್ಮ ಮೇಡಂಗ ನಾನಾ ಫೋನ್ ಮಾಡಿ ನಿಮ್ಮನ್ನ ಹೊಗಳ್ತೀನಿ.”

ಒಂದು ಜುಟ್ಟು ಆಗಿತ್ತು. ಇನ್ನೊಂದನ್ನೂ ಹಾಕಿ ಮುಗಿಸಿ ಆಕೆ ಹೇಳಿದಳು: “ಬರದದ್ದು ಬರದಾಗೇದ್ರಿ. ಬಂದು ಓದ್ತೀನಿ.”

ಗಿರಣಿ ಆಫೀಸಿನಲ್ಲಿ ಬೆಂದ ಭತ್ತದ ವಾಸನೆ. ರುಜು ತಡವಾಗಬಾರದು ಎಂದು ಗುಮಾಸ್ತ ಗದ್ದೆಮ್ಮನ ಹೆಬ್ಬೆಟ್ಟಿಗೆ ಆಗಲೇ ಮಸಿ ಹಚ್ಚಿಬಿಟ್ಟಿದ್ದ. ಸೀರೆಗೆ ತಾಗದಂತೆ ಆಕೆ ಬೆರಳನ್ನು ನೆಟ್ಟಗೆ ಎತ್ತಿ ಹಿಡಿದು ಕೂತಿದ್ದಳು. ಗುಲ್ಫಶಾ ವರದಿ ಓದಿದಳು: “ಫಲಾನುಭವಿಗಳ ಹಿತಾಸಕ್ತಿಗೆ ಬದ್ಧವಾದ ಸದರಿ ನಿಧಿಯು...”

“ಇದೇನು ಕನ್ನಡಾನಾ?” ಅಂದಳು ಗದ್ದೆಮ್ಮ.

ಗುಲ್ಫಶಾ ಹಾಳೆ ಕೆಳಗಿಟ್ಟಳು. “ಯವ್ವಾ, ಈ ರೊಕ್ಕ ಸಾವ್ಕಾರ್ರ ಕೈಯಾಗ ಅಮಾನತ್ ಅದ.”

ಮಾರೆಪ್ಪ ಎದ್ದು ನಿಂತ. “ಪಿಂಚಣಿ ನಿಲ್ಲಿಸಿಬಿಟ್ರೇನ್ರಿ?”

“ಸುಮ್ಮ ಕೂಡೋ. ಆ ಅಮಾನತ್ ಅಲ್ಲ ಇದು.” ಗದ್ದೆಮ್ಮ ಬೆರಳು ಎತ್ತಿಕೊಂಡೇ ಹೇಳಿದಳು. “ಗಿರಣಿಗೆ ಬರೋಕ್ಕಿಂತ ಮದಲ ನಾವು ಪುಣೇಕ ದುಡಿಯಾಕ ಹೋಗತಿದ್ವಿ. ಬೆಳ್ಳಿ ಕಡಗ ಗಂಟು ಕಟ್ಟಿ ಬಾಜೂ ಮನಿ ಗುಲ್ಶನ್ ಬೇಗಂ ಹತ್ರ ಇಟ್ಟಿದ್ದೆ. ತಿರುಗಿ ಬರೋದ್ರಾಗ ಆಕಿ ಮಗಳ ಲಗ್ನ ಆಗಿತ್ತು. ಗಂಟು ನಾ ಕಟ್ಟಿದಂಗಾ ಇತ್ತು. ಹಾಕ್ಕೊಂಡಿದ್ರ ಏನಾಗತಿತ್ತಬೇ ಅಂದೆ. ಅದು ಅಮಾನತ್ ಅದ ಅಂದ್ಲು.” ಸಾವ್ಕಾರರ ಕಡೆ ತಿರುಗಿದಳು. “ನಿಮ್ಮ ಮಷೀನು ನಿಮ್ಮ ಮನಿ ಲಗ್ನ ರೀ. ನಮ್ಮ ಕಡಗ ಬ್ಯಾಡ.”

“ತಿರುಗಿ ಕೊಡ್ತೀನಲ್ಲಬೇ.”

“ಕೊಡ್ತೀರಿ ಅಂತ ಗೊತ್ರಿ. ಗಂಟು ಬಿಚ್ಚಾದು ಬ್ಯಾಡ.”

ಅಷ್ಟು ಹೇಳಿ ಹೆಬ್ಬೆಟ್ಟನ್ನು ತಲೆಗೂದಲಿಗೆ ಒರೆಸಿಕೊಂಡಳು. ಮಾರೆಪ್ಪ ತೆರೆದಿದ್ದ ಪೆನ್ನಿಗೆ ಟೊಪ್ಪಿಗೆ ಹಾಕಿದ.

ಮರುದಿನ ಅನ್ನಪೂರ್ಣ ಮೇಡಂ ಕರೆದರು. “ಸಾವ್ಕಾರ್ರು ಫೋನ್ ಮಾಡಿದ್ರು. ಮುಂದಿನ ವರ್ಷ ನಿನ್ನ ಕಳಸಬ್ಯಾಡ್ರಿ ಅಂದ್ರು.”

ಗುಲ್ಫಶಾ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. “ಹೌದ್ರಿ?”

“ನಾಲ್ಕೂ ಮಂದಿ ರುಜು ಹಾಕಿ ಪತ್ರ ಕೊಡ್ರಿ, ಬದಲಿ ಮಾಡ್ತೀನಿ ಅಂದೆ.” ಮೇಡಂ ಒಂದು ಲಕೋಟೆ ದೂಡಿದರು. “ತಗೋ, ನಿಂದು ಕಾಯಂ ಪತ್ರ.”

ಸಂಜೆ ಮುನವ್ವರ್ ಬೀ ಕಂಪೌಂಡಿಗೆ ಹೋದಳು. ಗುಲ್ಫಶಾ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅತ್ತೆ ಹೇಳಿಯಾಗಿತ್ತು: “ಕಾಯಂ ಆತು.”

ಚನ್ನಮಲ್ಲಮ್ಮ ಬಂದಳು. ಗುಲ್ಫಶಾ ಈ ಸಲ ಕೂಡಿಸಿ, ಚಹಾ ಕೊಟ್ಟು, ಮೊದಲಿನಿಂದ ಎಲ್ಲ ಬಿಡಿಸಿ ಹೇಳಿದಳು. ಚನ್ನಮಲ್ಲಮ್ಮ ಪೂರ್ತಿ ಕೇಳಿ ತಲೆದೂಗಿದಳು.

“ಹಂಗಾ ಅನ್ಕೊಂಡು ಧೈರ್ಯ ತಗೋಬೇಕವ್ವ. ನಮ್ಮ ಮನಿಯವರೂ ಆರು ತಿಂಗಳು ಹಿಂಗಾ ಏನೇನೋ ಹೇಳಿದ್ರು.”

ಹಿಂಡಿಯ ಬಟ್ಟಲು ಈ ಸಲ ದೊಡ್ಡದಿತ್ತು. ಗುಲ್ಫಶಾ ಅದನ್ನು ತಮನ್ನಾಳ ಕೈಗೆ ಸಿಗದಂತೆ ಮೇಲಿನ ಹಲಗೆಯ ಮೇಲೆ ಇಟ್ಟಳು.